ಕೆಳಗಿನ ಬರ್ತು ಯಾರಿಗೆ?

ಬೇಸಗೆ ರಜೆ ಸಮೀಪಿಸಿತೆಂದರೆ ನಮ್ಮ ತೊರಪಲ್ಲಿ ಅಗ್ರಹಾರದ ಕನ್ನಡ ಶಾಲೆಯ ಮಕ್ಕಳ ಮನೆಗಳಲ್ಲಿ ಮಧುರೆ, ಕನ್ಯಾಕುಮಾರಿಗಳ ಮಾತು ಆರಂಭವಾಗುತ್ತದೆ. ಹೊಸೂರಿನಿಂದ ದಕ್ಷಿಣಕ್ಕೆ ಹೋಗುವವರಿಗೆ ರಾತ್ರಿಯ ರೈಲುಗಳೇ ಆಧಾರ. ಬೆಂಗಳೂರಿನಿಂದ ನಾಗರಕೋಯಿಲಿಗೆ ಒಂದು, ಯಶವಂತಪುರದಿಂದ ಕಣ್ಣೂರಿಗೆ ಒಂದು, ಮೈಸೂರಿನಿಂದ ಮಧುರೆಯ ಮಾರ್ಗವಾಗಿ ತೂತ್ತುಕುಡಿಗೆ ಇನ್ನೊಂದು. ಕಾಸರಗೋಡಿನ ಕಡೆ ನೆಂಟರಿರುವವರು ಕಣ್ಣೂರಿನಲ್ಲಿಳಿದು ಮುಂದಕ್ಕೆ ಹೋಗುತ್ತಾರೆ. ಈ ರೈಲುಗಳಲ್ಲಿ ಟಿಕೆಟು ಸಿಕ್ಕಿತೆಂದರೆ ಯಾತ್ರೆಯ ಅರ್ಧ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಯಾರು ಎಲ್ಲಿ ಮಲಗಬೇಕೆಂಬುದನ್ನು ರೈಲು ಹತ್ತಿದ ಮೇಲೆ ನೋಡಿಕೊಂಡರಾಯಿತು ಎಂಬ ಧೈರ್ಯ.

ಆ ಧೈರ್ಯ ನನಗೂ ಇತ್ತು. ಕಳೆದ ಬೇಸಗೆಯಲ್ಲಿ ಮಧುರೆಗೆ ಹೊರಟಾಗ ಎಪ್ಪತ್ತು ದಾಟಿದ ತಾಯಿ, ಪತ್ನಿ, ಹನ್ನೊಂದರ ಮಗಳು, ಏಳರ ಮಗ ಮತ್ತು ನಾನು, ಐವರನ್ನೂ ಒಂದೇ ಟಿಕೆಟಿನಲ್ಲಿ ಸೇರಿಸಿದೆ. ಒಟ್ಟಿಗಿರುವುದು ಕ್ಷೇಮವೆಂಬುದು ನನ್ನ ತರ್ಕ. ಮಗನಿಗೆ ಬರ್ತು ಬೇಡವೆಂದು ಅರ್ಧ ದರ ಕೊಟ್ಟೆ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬರ್ತು ಬೇಕೆಂದರೆ 2016ರ ಏಪ್ರಿಲಿನಿಂದ ಪೂರ್ಣ ದರ ತೆರಬೇಕು. ನನ್ನ ಲೆಕ್ಕಕ್ಕೆ ಅದು ಉಳಿತಾಯವಾಗಿತ್ತು. ಬಂದ ನಾಲ್ಕು ಬರ್ತುಗಳಲ್ಲಿ ಎರಡು ಮೇಲಿನವು, ಒಂದು ನಡುವಿನದು, ಒಂದು ಪಕ್ಕದ ಮೇಲಿನದು. ಕೆಳಗಿನದು ಒಂದೂ ಇಲ್ಲ.

ಹಿರಿಯರಿಗೆ ಕೆಳಗಿನ ಬರ್ತು ಕೊಡುವ ನಿಯಮವಿಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಅರವತ್ತು ದಾಟಿದ ಪುರುಷರು, ನಲವತ್ತೈದು ದಾಟಿದ ಮಹಿಳೆಯರು ಹಾಗೂ ಗರ್ಭಿಣಿಯರಿಗಾಗಿ ಪ್ರತಿ ಸ್ಲೀಪರ್ ಬೋಗಿಯಲ್ಲಿ ಆರೇಳು ಕೆಳಗಿನ ಬರ್ತುಗಳನ್ನು ಮೀಸಲಿಟ್ಟಿರುತ್ತಾರೆ. ಆದರೆ ಆ ಕೋಟಾ ಅನ್ವಯಿಸುವುದು ಅಂಥವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟಿನಲ್ಲಿದ್ದಾಗ ಮಾತ್ರ. ಮಗ, ಸೊಸೆ, ಮೊಮ್ಮಕ್ಕಳ ಹೆಸರಿನೊಡನೆ ಅಜ್ಜಿಯ ಹೆಸರನ್ನು ಪೋಣಿಸಿದೊಡನೆ ಆಕೆ ಸಾಮಾನ್ಯರ ಸಾಲಿಗೆ ಸೇರುತ್ತಾಳೆ. ಕೆಳಗಿನದು ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ತಿಳಿದದ್ದು ಊರಿಗೆ ಮರಳಿದ ಮೇಲಲ್ಲ, ಹೊಸೂರು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದ ಅನುಭವಸ್ಥರೊಬ್ಬರ ಬಾಯಿಂದ.

ಹೊಸೂರಿನಲ್ಲಿ ಹತ್ತುವವರ ಕಷ್ಟವೇ ಬೇರೆ. ರೈಲು ಮೈಸೂರಿನಿಂದ ಹೊರಟು, ಬೆಂಗಳೂರಿನ ಜನರನ್ನೂ ತುಂಬಿಕೊಂಡು ನಮ್ಮ ಬಳಿಗೆ ಬರುವಷ್ಟರಲ್ಲಿ ದೀಪಗಳು ಆರಿರುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಡುವಿನ ಬರ್ತನ್ನು ಎತ್ತಿ ಕಟ್ಟಿ ಮಲಗಲು ನಿಯಮವೇ ಅವಕಾಶ ಕೊಟ್ಟಿದೆ. ಅದು ಎದ್ದಮೇಲೆ ಕೆಳಗೆ ನೆಟ್ಟಗೆ ಕೂರಲೂ ಆಗದು. ಮುಸುಕೆಳೆದು ಮಲಗಿದವರನ್ನು ಎಬ್ಬಿಸಿ, ಸ್ಥಳ ಬದಲಿಸುವಿರಾ ಎಂದು ಕೇಳುವ ಧಾರ್ಷ್ಟ್ಯ ಎಷ್ಟು ಜನರಿಗಿದ್ದೀತು? ತಾಯಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಮೊಣಕಾಲು ಮೇಲೇಳದೆ, "ನಾನು ಇಲ್ಲೇ ನಿಂತಿರುತ್ತೇನೆ, ನೀವು ಮಲಗಿ" ಎಂದರು. ರೈಲು ಹೊರಟಿತ್ತು. ಆ ಮಾತು ಕೇಳಿದಾಗ ಆದ ನಾಚಿಕೆಯನ್ನು ಬರೆದು ತಿಳಿಸಲಾರೆ.

ಪಕ್ಕದ ಕೆಳಗಿನ ಬರ್ತಿನಲ್ಲಿ ಒಬ್ಬ ಮಧ್ಯವಯಸ್ಕ ಹೆಂಗಸು ಇನ್ನೂ ಎಚ್ಚರವಾಗಿದ್ದರು. ನಾನು ತಮಿಳಿನಲ್ಲಿ ಬಿನ್ನವಿಸಿಕೊಂಡೆ. "ಕನ್ನಡದಲ್ಲೇ ಹೇಳಿ, ಮಕ್ಕಳೊಂದಿಗೆ ಮಾತಾಡಿದ್ದು ಕೇಳಿಸಿತು" ಎಂಬ ಉತ್ತರ ಬಂತು. ಮಂಡ್ಯದಲ್ಲಿ ಹತ್ತಿದವರು. ಯಾವ ಊರೆಂದು ಕೇಳಿದರು. ರಾಜಾಜಿ 1878ರಲ್ಲಿ ಹುಟ್ಟಿದ ತೊರಪಲ್ಲಿ ಎಂದೆ. ಅಲ್ಲಿಯೂ ಕನ್ನಡ ಶಾಲೆ ಇದೆಯೇ ಎಂದು ಅಚ್ಚರಿಪಡುತ್ತಲೇ ಹೊದಿಕೆ ಮಡಚಿ ಮೇಲೇರಿದರು. ಇಂಥ ಸಜ್ಜನರು ಪ್ರತಿ ಬೋಗಿಯಲ್ಲೂ ಇರುತ್ತಾರೆಂದು ನಂಬಿ ಟಿಕೆಟು ತೆಗೆಯುವುದು ಮಾತ್ರ ವಿವೇಕವಲ್ಲ.

ಉಳಿತಾಯದ ಫಲವೂ ಅಂದೇ ತಿಳಿಯಿತು. ಏಳರ ಬಾಲಕನೂ ನಾನೂ ಒಂದೇ ಮೇಲಿನ ಬರ್ತಿನಲ್ಲಿ. ಅವನು ಉರುಳದಂತೆ ತೋಳನ್ನೇ ಕಟಕಟೆಯಾಗಿಸಿ ಸೇಲಂ, ಕರೂರು, ದಿಂಡಿಗಲ್ಲುಗಳನ್ನು ಕಣ್ಣುಬಿಟ್ಟುಕೊಂಡೇ ದಾಟಿದೆ.

ವಿಯೆನ್ನಾದಲ್ಲಿ ಕೆಲಸದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಈ ಕತೆ ಹೇಳಿದಾಗ ಆತ ಅಲ್ಲಿಯ ರಾತ್ರಿ ರೈಲುಗಳ ಕ್ರಮವನ್ನು ವಿವರಿಸಿದ. ಆಸ್ಟ್ರಿಯದ ರೈಲ್ವೆ 2016ರಿಂದ ನಡೆಸುತ್ತಿರುವ ನೈಟ್‌ಜೆಟ್ ರೈಲುಗಳಲ್ಲಿ ಬರಿಯ ಆಸನ, ನಾಲ್ವರು ಅಥವಾ ಆರು ಮಂದಿಯ ಕೂಶೆಟ್ ಕೋಣೆ, ಒಬ್ಬರಿಂದ ಮೂವರವರೆಗಿನ ಹಾಸಿಗೆಯ ಕೋಣೆ ಎಂದು ಆಯ್ಕೆಗಳಿವೆಯಂತೆ. ಹೆಂಗಸರಿಗೇ ಮೀಸಲಾದ ಕೋಣೆಯನ್ನೂ ಕೇಳಬಹುದು. ಒಬ್ಬಂಟಿಗನು ಬಾಗಿಲು ಮುಚ್ಚಿಕೊಂಡು ಮಲಗುವ ಪುಟ್ಟ ಗೂಡುಗಳು 2023ರ ಡಿಸೆಂಬರಿನಲ್ಲಿ ಬಂದವು. ಅಲ್ಲಿ ಬಾಗಿಲಿದೆ. ನಮ್ಮ ಸ್ಲೀಪರಿನಲ್ಲಿ ಬಾಗಿಲಿಲ್ಲ, ಆದ್ದರಿಂದ ಬರ್ತಿನ ಸಂಖ್ಯೆಯೇ ಬಾಗಿಲು, ಗೋಡೆ ಎಲ್ಲವೂ.

ಆ ಸಂಖ್ಯೆಯನ್ನು ಓದಲು ಮಕ್ಕಳಿಗೆ ಭಾಗಾಕಾರ ಬಂದರೆ ಸಾಕು. ಎಂಟರಿಂದ ಭಾಗಿಸಿ, ಶೇಷ ಒಂದು ಅಥವಾ ನಾಲ್ಕಾದರೆ ಕೆಳಗಿನದು, ಎರಡು ಅಥವಾ ಐದಾದರೆ ನಡುವಿನದು, ಮೂರು ಅಥವಾ ಆರಾದರೆ ಮೇಲಿನದು. ಏಳು ಉಳಿದರೆ ಪಕ್ಕದ ಕೆಳಗಿನದು, ಏನೂ ಉಳಿಯದಿದ್ದರೆ ಪಕ್ಕದ ಮೇಲಿನದು. ಸ್ಲೀಪರಿಗೂ ಮೂರನೆಯ ದರ್ಜೆಯ ಎಸಿಗೂ ಈ ಲೆಕ್ಕ ಒಂದೇ. ಹೆಚ್ಚು ಹಣ ಕೊಟ್ಟು ಎಸಿಗೆ ಹೋದರೂ ಅಲ್ಲಿಯೂ ಮೂರು ಅಂತಸ್ತುಗಳೇ. ಮೊಣಕಾಲಿಗೆ ತಂಪು ಗಾಳಿಯಿಂದ ಉಪಕಾರವಿಲ್ಲ. ಅದರ ಬದಲು ಮಗುವಿಗೊಂದು ಪೂರ್ಣ ಬರ್ತು ಕೊಳ್ಳುವುದು ಲೇಸೆಂದು ನನ್ನ ಈಗಿನ ಅಭಿಪ್ರಾಯ. ನಾಲ್ಕೈದು ಮಂದಿ ಕೂಡಿ ಹೋಗುವಾಗ ಐಆರ್‌ಸಿಟಿಸಿಯಲ್ಲಿ, ಕೆಳಗಿನ ಒಂದು ಬರ್ತಾದರೂ ದೊರೆತರೆ ಮಾತ್ರ ಟಿಕೆಟು ಕೊಡು ಎಂದು ಗುರುತು ಹಾಕುವ ಅನುಕೂಲವಿದೆ. ಮುಂಗಡದ ಅವಧಿ 2024ರ ನವೆಂಬರಿನಿಂದ ಅರವತ್ತೇ ದಿನ. ಕಾಲೇಜಿಗೆ ಒಬ್ಬಳೇ ಹೋಗುವ ಮಗಳಿದ್ದರೆ ಸ್ಲೀಪರಿನಲ್ಲಿ ಮಹಿಳೆಯರಿಗೆಂದು ಪ್ರತ್ಯೇಕ ಆರು ಬರ್ತುಗಳಿರುವುದನ್ನು ನೆನಪಿಡಿ.

ನಡುವಿನ ಬರ್ತನ್ನು ಕಟ್ಟುವಾಗ ಕೊಕ್ಕೆ ಪೂರ್ತಿ ಕೂತಿದೆಯೇ ಎಂದು ಕೈಯಿಂದ ಎಳೆದು ನೋಡಿ. 2024ರಲ್ಲಿ ಎರ್ನಾಕುಲಂ–ನಿಜಾಮುದ್ದೀನ್ ರೈಲಿನಲ್ಲಿ ಮೇಲಿನ ಬರ್ತು ಬಿದ್ದು ಕೆಳಗಿದ್ದ ಪ್ರಯಾಣಿಕರೊಬ್ಬರು ಪ್ರಾಣ ಕಳೆದುಕೊಂಡರು. ಸರಪಳಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲವೆಂದು ರೈಲ್ವೆ ಹೇಳಿತು.

ಮರಳುವ ಟಿಕೆಟನ್ನೂ ಹಾಗೆಯೇ ತೆಗೆದಿದ್ದೆ. ಮಧುರೆಯಲ್ಲಿ ಅದರಿಂದ ತಾಯಿಯ ಹೆಸರನ್ನು ರದ್ದು ಮಾಡಿಸಿ, ಅವರೊಬ್ಬರಿಗೇ ಬೇರೆ ಟಿಕೆಟು ಕೊಂಡೆ, ಕೋಟಾದಲ್ಲಿ ಸ್ಥಳವಿತ್ತು. ರದ್ದತಿಯಲ್ಲಿ ಸ್ವಲ್ಪ ಹಣ ಹೋಯಿತು. ರೈಲು ಬರುವ ಮೊದಲೇ ಮಗಳು ಚೀಟಿ ಕಸಿದುಕೊಂಡು ನಲವತ್ತನಾಲ್ಕನ್ನು ಎಂಟರಿಂದ ಭಾಗಿಸಿದಳು. ನಾಲ್ಕು ಉಳಿಯಿತು. "ಅಜ್ಜೀ, ನಿನಗೆ ಕೆಳಗಡೆ" ಎಂದು ಅವಳು ಕೂಗಿದ್ದು ನಿಲ್ದಾಣದ ಆಚೆ ತುದಿಗೂ ಕೇಳಿಸಿರಬೇಕು.