ವೃತ್ತದೊಳಗಿನ ಎರಡು ಪಾದಗಳು



ಆಟವೊಂದರಲ್ಲಿ ತೀರ ಕ್ಷುಲ್ಲಕವೆಂದು ತೋರುವ ನಿಯಮವೇ ಕೆಲವೊಮ್ಮೆ ಆ ಆಟದ ಜೀವಾಳವಾಗಿರುತ್ತದೆ. ಫ್ರಾನ್ಸ್ ದೇಶದ ‘ಪೆಟಾಂಕ್’ ಆಟದ ಎಸೆತದ ವೃತ್ತ ಅಂತಹದೊಂದು. ಅದನ್ನು ಕುರಿತು ನನ್ನ ಅಭಿಪ್ರಾಯವನ್ನು ಇಲ್ಲಿ ನಿವೇದಿಸಬಯಸುತ್ತೇನೆ.

ನಮ್ಮಲ್ಲಿ ಹಲವರಿಗೆ ಈ ಆಟ ಅಪರಿಚಿತ. ಹಿಂದೆ ಫ್ರೆಂಚರ ಆಳ್ವಿಕೆಯಲ್ಲಿದ್ದ ಪುದುಚೇರಿಯಲ್ಲಿ ಇದನ್ನು ಇಂದಿಗೂ ಆಡುತ್ತಾರೆ. ನೆಲದ ಮೇಲಿನ ವೃತ್ತದೊಳಗೆ ನಿಂತು, ಮರದ ಪುಟ್ಟ ಗುಂಡೊಂದನ್ನು 6ರಿಂದ 10 ಮೀಟರ್ ದೂರಕ್ಕೆ ಎಸೆಯಬೇಕು. ಬಳಿಕ ಲೋಹದ ಗುಂಡುಗಳನ್ನು ಅದರ ಸಮೀಪಕ್ಕೆ ಸೇರಿಸಬೇಕು, ಇಲ್ಲವೇ ಎದುರಾಳಿಯ ಗುಂಡನ್ನು ಹೊಡೆದು ಸರಿಸಬೇಕು. ಬಾಲ್ಯದಲ್ಲಿ ಗೋಲಿಯಾಡಿದವರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜನ್ಮವೃತ್ತಾಂತ ಮನಮುಟ್ಟುವಂತಹುದು. ಪ್ರೊವಾನ್ಸ್ ಪ್ರಾಂತದ ಹಳೆಯ ಆಟದಲ್ಲಿ ಗುಂಡನ್ನು ಹೊಡೆಯುವವನು ಮೂರು ಹೆಜ್ಜೆ ಓಡಿ ಎಸೆಯಬೇಕಿತ್ತು. ಲಾ ಸಿಯೋಟಾ ಎಂಬ ಊರಿನ ಝೂಲ್ ಲನ್ವಾರ್ ಎಂಬ ನುರಿತ ಆಟಗಾರನಿಗೆ ಸಂಧಿವಾತ ಬಾಧಿಸಿ ಓಡುವುದು ಅಸಾಧ್ಯವಾಯಿತು. ಆತನೂ ಆಡುವಂತಾಗಲೆಂದು 1907ರಿಂದ 1910ರ ಸುಮಾರಿಗೆ ಗೆಳೆಯರು ನಿಂತಲ್ಲಿಂದಲೇ ಎಸೆಯುವ ಪದ್ಧತಿಯನ್ನು ರೂಢಿಸಿದರು. ‘ಪೆಟಾಂಕ್’ ಎಂಬ ಹೆಸರೂ ‘ನೆಟ್ಟ ಪಾದಗಳು’ ಎಂಬರ್ಥದ ಪ್ರೊವಾನ್ಸಾಲ್ ನುಡಿಯಿಂದ ಬಂದುದೇ.

ಇಂದಿನ ನಿಯಮಗಳು ಸ್ಪಷ್ಟವಾಗಿವೆ. ನೆಲದ ಮೇಲೆ ಗೀಚಿದ ವೃತ್ತದ ವ್ಯಾಸ 35ರಿಂದ 50 ಸೆಂಟಿಮೀಟರ್ ಇರಬೇಕು; ಸಿದ್ಧ ಬಳೆಯಾದರೆ ಒಳವ್ಯಾಸ 50 ಸೆಂಟಿಮೀಟರ್. ಎರಡೂ ಪಾದಗಳು ಪೂರ್ಣವಾಗಿ ಒಳಗಿರಬೇಕು, ಗೆರೆಯನ್ನು ತುಳಿಯಬಾರದು. ಎಸೆದ ಗುಂಡು ನೆಲವನ್ನು ಮುಟ್ಟುವವರೆಗೆ ಪಾದಗಳು ವೃತ್ತವನ್ನು ದಾಟಬಾರದು, ನೆಲವನ್ನು ಪೂರ್ತಿಯಾಗಿ ಬಿಡಲೂ ಬಾರದು. ಹಿಮ್ಮಡಿ ತುಸು ಮೇಲೆದ್ದರೆ ದೋಷವಿಲ್ಲ. ಬಳೆಯನ್ನು ಬಳಸುವಾಗ ಮರದ ಗುಂಡನ್ನು ಎಸೆಯುವ ಮೊದಲೇ ಅದರ ಸ್ಥಾನವನ್ನು ನೆಲದ ಮೇಲೆ ಗುರುತು ಮಾಡಬೇಕು; ಕಾಲು ತಗುಲಿ ಬಳೆ ಸರಿದರೆ ಎಲ್ಲಿಡಬೇಕೆಂಬ ವಿವಾದವೇ ಹುಟ್ಟುವುದಿಲ್ಲ. ಸಮೀಪದ ಹಳೆಯ ವೃತ್ತಗಳನ್ನೂ ಅಳಿಸಬೇಕು.

“ಸ್ನೇಹದ ಆಟದಲ್ಲಿ ಇಷ್ಟೊಂದು ಬಿಗಿ ಏಕೆ? ನಾಲ್ಕು ಬೆರಳು ಮುಂದೆ ಹೋದರೆ ಲಾಭವೇನು?” ಎಂದು ಕೇಳುವವರುಂಟು. ಲಾಭ ಅಲ್ಪವೆಂಬುದು ನಿಜ. ಆದರೆ ಎಸೆಯುತ್ತಲೇ ಮುಂದಕ್ಕೆ ಹೆಜ್ಜೆಯಿಡುವವನು ತನಗರಿವಿಲ್ಲದೆ ಆ ಹಳೆಯ ಓಟದ ಆಟವನ್ನೇ ಮರಳಿ ತರುತ್ತಾನೆ. ಓಡಲಾರದವನಿಗಾಗಿ ಓಡಬಲ್ಲವರು ಒಪ್ಪಿಕೊಂಡ ಸಂಯಮವೇ ಈ ವೃತ್ತ. ಅದನ್ನು ಸಡಿಲಿಸಿದರೆ ನಷ್ಟವಾಗುವುದು ಮಂಡಿನೋವಿನ ವೃದ್ಧರಿಗೆ, ನೆಟ್ಟ ಪಾದವನ್ನೇ ನೆಚ್ಚಿಕೊಂಡವರಿಗೆ.

ಇದೇ ಕಾರಣದಿಂದ, ಕಾಲಿನ ಅಂಗವೈಕಲ್ಯವುಳ್ಳವರು ಒಂದೇ ಪಾದವನ್ನು ಒಳಗಿಡಬಹುದೆಂಬ ವಿನಾಯಿತಿಯೂ, ಗಾಲಿಕುರ್ಚಿಯವರು ಒಂದು ಚಕ್ರವನ್ನಾದರೂ ಒಳಗಿಟ್ಟು ಎಸೆಯಬಹುದೆಂಬ ವಿನಾಯಿತಿಯೂ ಪಕ್ಷಪಾತವಲ್ಲ. ಅವು ನಿಯಮದ ಮೂಲ ಆಶಯಕ್ಕೆ ಅನುಗುಣವಾಗಿಯೇ ಇವೆ.

ಆದರೆ ನಿಯಮವನ್ನು ಆಯುಧವಾಗಿಸುವುದೂ ಸಲ್ಲದು. ಗೆಲ್ಲುತ್ತಿರುವಾಗ ಕಾಣದ ಪಾದದೋಷ ಸೋಲುವಾಗ ಮಾತ್ರ ಕಣ್ಣಿಗೆ ಬೀಳುವುದಾದರೆ ಅದು ನ್ಯಾಯನಿಷ್ಠೆಯಲ್ಲ. ಎದುರಾಳಿ ಕೈಯೆತ್ತಿದ ಕ್ಷಣದಲ್ಲಿ ಕೂಗಿ ಆಕ್ಷೇಪಿಸುವುದಂತೂ ಸೌಜನ್ಯವೇ ಅಲ್ಲ. ಆಟ ಆರಂಭವಾಗುವ ಮುನ್ನವೇ, “ವೃತ್ತದ ನಿಯಮವನ್ನು ಎಲ್ಲರೂ ಪಾಲಿಸೋಣ” ಎಂದು ಮಾತಾಡಿಕೊಳ್ಳುವುದು ಉತ್ತಮ. ತಪ್ಪು ಕಂಡರೆ ಸುತ್ತು ಮುಗಿದ ಮೇಲೆ ಮೆಲ್ಲಗೆ, ಮೊದಲು ತಮ್ಮ ತಂಡದವರಿಗೇ ಹೇಳಬೇಕು. ಅಂತಹ ಮಾತಿಗೆ ಬೆಲೆ ಹೆಚ್ಚು.

ತೀರ್ಪುಗಾರನಿಲ್ಲದ ಅಂಗಳದಲ್ಲಿ ಪ್ರತಿಯೊಬ್ಬನೂ ತನ್ನ ಪಾದಕ್ಕೆ ತಾನೇ ತೀರ್ಪುಗಾರ. ನೀವು ಯಾವ ದೇಶದಲ್ಲಿದ್ದರೂ, ಯಾವ ಆಟವನ್ನಾಡಿದರೂ, ಯಾರೂ ನೋಡದಿರುವಾಗ ಗೆರೆಯೊಳಗೇ ನಿಲ್ಲುವ ಅಭ್ಯಾಸ ನಿಮ್ಮದಾಗಲಿ ಎಂದು ಹಾರೈಸುತ್ತೇನೆ.