ಮರ ಹತ್ತುವವನ ಪ್ಯಾಂಟು

ಈ ವಾರದ ಅಗ್ರಲೇಖನವನ್ನು ನಾವು ಒಂದು ಪ್ಯಾಂಟಿನ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಬೆಲೆಯೇರಿಕೆ, ಕೂಲಿ, ಕುಡಿಯುವ ನೀರು ಇಷ್ಟೆಲ್ಲ ಇರುವಾಗ ಪಕ್ಷದ ಪತ್ರಿಕೆಗೆ ಪ್ಯಾಂಟಿನ ಉಸಾಬರಿ ಏಕೆ ಎಂದು ನಗುವವರು ನಗಲಿ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯ ಮೇಲೆ. ಒಂದು ಕೊಳಗಕ್ಕಾಗಿ ಇಷ್ಟು ಗದ್ದಲವೇ ಎಂದು ಅಂದೂ ನಕ್ಕವರು ಇದ್ದಿರಬೇಕು.

ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ನಮ್ಮ ಸೀಮೆಯಲ್ಲಿ ಹುಣಸೆಯ ಸುಗ್ಗಿ ಮೊದಲಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳ ರಸ್ತೆಯಂಚು, ಹೊಲದ ಬದು, ಹಳ್ಳದ ದಂಡೆಗಳಲ್ಲಿ ಯುಗಾದಿ ದಾಟುವವರೆಗೆ ಬಡಿಗೆಯ ಸಪ್ಪಳ. ಕೆಳಗೆ ಹೆಂಗಸರು ಆಯುತ್ತಾರೆ, ಕುಟ್ಟುತ್ತಾರೆ, ಬೀಜ ಬಿಡಿಸುತ್ತಾರೆ. ಮೇಲೆ ಒಬ್ಬನೋ ಇಬ್ಬರೋ ಗಂಡಸರು ಬರಿಗಾಲಿನಲ್ಲಿ ಕೊಂಬೆಯಿಂದ ಕೊಂಬೆಗೆ ಹೋಗುತ್ತಾರೆ. ಹಳೆಯ ಹುಣಸೆ ಮರ 60 ಅಡಿಗೂ ಮೀರಿ ಬೆಳೆದಿರುತ್ತದೆ. ಹಣ್ಣು ಇರುವುದು ಕೊಂಬೆಯ ತುದಿಯಲ್ಲಿ. ಮನುಷ್ಯನ ಭಾರ ತಡೆಯುವುದು ಕೊಂಬೆಯ ಬುಡ. ಇವೆರಡರ ನಡುವೆ ಅವನ ದಿನಗೂಲಿ ನೇತಾಡುತ್ತಿರುತ್ತದೆ.

ಕಳೆದ ಸುಗ್ಗಿಯಲ್ಲಿ ನಾವು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬರುವಾಗ ಒಂದು ಮರದ ಕೆಳಗೆ ಬಸ್ಸಿನ ದಾರಿ ಕಾಯುತ್ತ ನಿಂತೆವು. ಮೇಲಿನಿಂದ ಇಳಿದು ಬಂದವನು ನಡುವಯಸ್ಸಿನವನು. ಮಂಡಿಯವರೆಗೆ ಎತ್ತಿ ಕಟ್ಟಿದ ಲುಂಗಿ, ಒಳಗೊಂದು ಹರಿದ ಚೊಣ್ಣ. ತೊಡೆಯ ಒಳಭಾಗ, ಮಂಡಿ, ಮೊಣಕಾಲ ಮುಂದಿನ ಎಲುಬು ಎಲ್ಲವೂ ಉಜ್ಜಿ ಕಪ್ಪಾಗಿ, ಅಲ್ಲಲ್ಲಿ ಹೊಸ ಗಾಯ ಕೆಂಪಾಗಿತ್ತು. ಹುಣಸೆಯ ತೊಗಟೆ ಎಷ್ಟು ಒರಟೆಂದು ಬೆನ್ನು ತಿಕ್ಕಿಕೊಳ್ಳುವ ಎಮ್ಮೆಯೇ ಬಲ್ಲದು. ಗಾಯಕ್ಕೆ ಏನು ಹಚ್ಚುತ್ತೀ ಎಂದು ಕೇಳಿದೆವು. ಅವನು ಗಾಯದ ಮಾತನ್ನೇ ಎತ್ತಲಿಲ್ಲ. "ಮರ ಬಿಡತೈತಿ ಸಾಮಿ, ಲುಂಗಿ ಬಿಡಂಗಿಲ್ಲ" ಎಂದ. ಹಿಂದಿನ ವರ್ಷ ಅವನ ಜೊತೆಯವನ ಲುಂಗಿಯ ಅಂಚು ಒಣ ಚಿಗಳಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಅವನು ಒಂದು ಕೈ ಬಿಟ್ಟ. ಇವತ್ತು ಅವನು ಗೋಡೆ ಹಿಡಿದು ನಡೆಯುತ್ತಾನೆ. ಮರವನ್ನು ಗುತ್ತಿಗೆ ಹಿಡಿದಿದ್ದವರು ಆಸ್ಪತ್ರೆಗೆ ಮೊದಲ ದಿನ ಆಟೋ ಬಾಡಿಗೆ ಕೊಟ್ಟರಂತೆ.

ಇದಕ್ಕೆ ಯಂತ್ರ ಬಂದಿಲ್ಲವೇ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಬಂದಿದೆ, ಬೇರೆ ಮರಕ್ಕೆ. ಕೇರಳದ ಚೆಂಬೇರಿಯ ಜೋಸೆಫ್ ಎಂಬವರು ಮಾಡಿದ ತೆಂಗು ಹತ್ತುವ ಸಾಧನ ಊರೂರು ಮುಟ್ಟಿದೆ. 2019ರಲ್ಲಿ ಬಂಟ್ವಾಳದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಮೋಟಾರು ಗಾಡಿ ಮಾಡಿ ದೇಶಕ್ಕೆಲ್ಲ ಹೆಸರಾದರು. ಇಬ್ಬರ ಬುದ್ಧಿಗೂ ನಮ್ಮ ನಮಸ್ಕಾರ. ಆದರೆ ಆ ಯಂತ್ರಗಳು ಅಪ್ಪಿ ಹಿಡಿಯುವುದು ನೆಟ್ಟಗೆ ಬೆಳೆದ ಒಂಟಿ ಕಾಂಡವನ್ನು. ಹುಣಸೆ ಎದೆಯೆತ್ತರಕ್ಕೇ ಕವಲೊಡೆದು ನಾಲ್ಕು ದಿಕ್ಕಿಗೆ ಹೋಗುತ್ತದೆ. ಅಲ್ಲಿ ಮನುಷ್ಯನ ಮೈಯೇ ಯಂತ್ರ. ಮೈಯೇ ಯಂತ್ರವಾದ ಮೇಲೆ ಮೈಮೇಲಿನ ಬಟ್ಟೆ ಉಪಕರಣವಾಗುತ್ತದೆ. ನಮ್ಮ ವಾದವೆಲ್ಲ ಇಷ್ಟರಲ್ಲಿದೆ.

ಗಿರಣಿಯ ಕೆಲಸಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿನ್ನಿನ ಬೆಲ್ಟಿನ ಹತ್ತಿರ ಪಂಚೆಯ ಸೆರಗು ಬಿಟ್ಟುಕೊಂಡು ಹೋದರೆ ಏನಾಗುತ್ತದೆಂದು ಅವರು ಕಣ್ಣಾರೆ ಕಂಡವರು. 1948ರ ಫ್ಯಾಕ್ಟರಿ ಕಾಯಿದೆಯ 22ನೆಯ ಕಲಮು ತಿರುಗುವ ಯಂತ್ರದ ಬಳಿ ಕೈಯಿಡುವವನು ಮೈಗೆ ಒತ್ತಿದ ಬಟ್ಟೆ ತೊಡಬೇಕು ಎಂದಿತ್ತು; ಅಷ್ಟಕ್ಕೇ ನಿಲ್ಲದೆ, ಆ ಬಟ್ಟೆಯನ್ನು ಕಾರ್ಖಾನೆ ನಡೆಸುವವನೇ ಒದಗಿಸಬೇಕು ಎಂದೂ ಬರೆದಿತ್ತು. ಆ ಕಾಯಿದೆಯನ್ನು 2020ರಲ್ಲಿ ಪಾರ್ಲಿಮೆಂಟು ಹೊಸ ಸಂಹಿತೆಯೊಳಕ್ಕೆ ಸೇರಿಸಿತು. ಅದರ ಜಗಳ ಬೇರೆ ಇದೆ, ಇನ್ನೊಂದು ವಾರ ಮಾಡೋಣ. ಕೆಲಸದ ಬಟ್ಟೆ ಕೆಲಸಗಾರನ ಷೋಕಿಯಲ್ಲ, ಕೆಲಸ ಮಾಡಿಸುವವನ ಹೊಣೆ ಎಂಬ ತತ್ವ ಕಾಯಿದೆಯ ಪುಸ್ತಕದಲ್ಲಿ ಬಂದಿತ್ತು ಎಂಬುದನ್ನು ಮಾತ್ರ ಇಲ್ಲಿ ನೆನಪಿಡಬೇಕು. ಅದು ಗಿರಣಿಯ ಗೇಟು ದಾಟಿ ಮರದ ಬುಡಕ್ಕೆ ಬರಲಿಲ್ಲ.

ಮರದ ಬುಡಕ್ಕೆ ಬಂದದ್ದೂ ಮರ ನೋಡಿ ಬಂತು. 1923ರ ಕಾರ್ಮಿಕ ಪರಿಹಾರದ ಕಾಯಿದೆಯ ಅನುಸೂಚಿಯಲ್ಲಿ ತಾಳೆಜಾತಿಯ ಮರದಿಂದ ರಸ ಇಳಿಸುವವನ ಹೆಸರಿತ್ತು, ಮರ ಕಡಿಯುವವನ ಹೆಸರಿತ್ತು. ಹುಣಸೆ ಬಡಿಯುವವನ ಹೆಸರು ಇರಲಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ತೆಂಗು ಹತ್ತುವವರಿಗೆ, ನೀರಾ ಇಳಿಸುವವರಿಗೆ. ಒಳ್ಳೆಯದೇ. ಆದರೆ ತೆಂಗಿನಿಂದ ಬಿದ್ದವನ ಬೆನ್ನೆಲುಬು ಒಂದು ಬಗೆ, ಹುಣಸೆಯಿಂದ ಬಿದ್ದವನದು ಇನ್ನೊಂದು ಬಗೆ ಎಂದು ಯಾವ ಡಾಕ್ಟರೂ ಹೇಳಿದ್ದನ್ನು ನಾವು ಕೇಳಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಸರ್ಕಾರ 2013ರಲ್ಲಿ ಕರಡಿಗಳಿಗೆ ಧಾಮ ಮಾಡಿತು. ಕರಡಿಯೂ ಜೇನಿಗಾಗಿ ಮರ ಹತ್ತುತ್ತದೆ. ಅದಕ್ಕೆ ಮೈತುಂಬ ಕೂದಲಿದೆ, ಉಗುರಿದೆ, ಈಗ ಗೆಜೆಟ್ಟಿನ ರಕ್ಷಣೆಯೂ ಇದೆ. ಕರಡಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ.

ಇನ್ನು ಪ್ಯಾಂಟಿನ ಮಾತಿಗೆ ಬರೋಣ. ಪ್ಯಾಂಟು ಹೊಲಿಯುವುದನ್ನು ಬಳ್ಳಾರಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿನ ಓಣಿಓಣಿಯಲ್ಲಿ ಹೊಲಿದ ಜೀನ್ಸು ದೇಶದ ಮೂಲೆಮೂಲೆಗೆ ಹೋಗುತ್ತದೆ. 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿಯವರು ಬಂದು ಆ ಊರನ್ನು ಜೀನ್ಸಿನ ರಾಜಧಾನಿ ಮಾಡುತ್ತೇವೆಂದು 5000 ಕೋಟಿ ರೂಪಾಯಿಯ ಮಾತಾಡಿ ಹೋದರು. ಈ ಜೀನ್ಸು ಹುಟ್ಟಿದ ಕಥೆ ನಮ್ಮ ಓದುಗರಿಗೆ ತಿಳಿದಿರಲಿ. ಅಮೆರಿಕದ ನೆವಾಡ ಸೀಮೆಯ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ಬಡ ದರ್ಜಿಯಿದ್ದ. 1871ರ ಸುಮಾರಿಗೆ ಒಬ್ಬ ಸೌದೆ ಕಡಿಯುವವನ ಹೆಂಡತಿ ಅವನಲ್ಲಿಗೆ ಬಂದು, ಗಂಡನ ಪ್ಯಾಂಟು ಪದೇ ಪದೇ ಹರಿಯುತ್ತದೆ, ಹರಿಯದಂಥದ್ದೊಂದು ಹೊಲಿದುಕೊಡು ಎಂದಳು. ಅವನು ಜೇಬಿನ ಮೂಲೆಗಳಿಗೆ ತಾಮ್ರದ ಗುಬ್ಬಿ ಬಡಿದುಕೊಟ್ಟ. ಪೇಟೆಂಟಿಗೆ ಕಟ್ಟಲು ಅವನಲ್ಲಿ ಹಣವಿರಲಿಲ್ಲ. ತನಗೆ ಬಟ್ಟೆ ಮಾರುತ್ತಿದ್ದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ. 1873ರ ಮೇ 20ರಂದು ಇಬ್ಬರ ಹೆಸರಿನಲ್ಲಿ ಪೇಟೆಂಟಾಯಿತು. ಮುಂದೆ ಲೋಕದ ಬಾಯಲ್ಲಿ ಉಳಿದದ್ದು ವ್ಯಾಪಾರಿಯ ಹೆಸರು.

ಮರದ ಕೆಲಸದವನಿಗಾಗಿ ಹುಟ್ಟಿದ ಉಡುಪು ಇಂದು ಕಾಲೇಜಿನ ಹುಡುಗರ ಮೈಮೇಲೆ, ಬೇಕೆಂದೇ ಮಂಡಿಯಲ್ಲಿ ಹರಿದ ರೂಪದಲ್ಲಿ ತಿರುಗುತ್ತಿದೆ. ಮರ ಹತ್ತುವವನು ಚೊಣ್ಣದಲ್ಲೇ ಇದ್ದಾನೆ. 1953ರಲ್ಲಿ ನಾವು ಮದರಾಸಿನಿಂದ ಮೈಸೂರಿಗೆ ಬಂದೆವು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಯಾದವು. ನಕ್ಷೆ ಇಷ್ಟು ಸಲ ಬದಲಾಯಿತು, ಆ ಚೊಣ್ಣ ಬದಲಾಗಲಿಲ್ಲ.

ಪೇಟೆಯ ಸಿದ್ಧ ಜೀನ್ಸನ್ನೇ ತೊಟ್ಟು ಹತ್ತಬಾರದೇ? ಹತ್ತಿದವರನ್ನೇ ನಾವು ಕೇಳಿದ್ದೇವೆ. ಮಂಡಿಯನ್ನು ಎದೆಗೆ ತಂದಾಗ ಬಟ್ಟೆ ತೊಡೆಯಲ್ಲಿ ಬಿಗಿಯುತ್ತದೆ, ಬೆನ್ನ ಹಿಂದೆ ಸೊಂಟ ಕೆಳಗಿಳಿಯುತ್ತದೆ, ಇನ್ನಷ್ಟು ಎಳೆದರೆ ಎರಡು ಕಾಲು ಕೂಡುವ ಕವೆಯಲ್ಲಿ ಪರ್ ಎನ್ನುತ್ತದೆ. ಅಲ್ಲೇ ಏಕೆ ಹರಿಯಬೇಕು? ನಾಲ್ಕು ಹೊಲಿಗೆಗಳು ಬಂದು ಒಂದೇ ಬಿಂದುವಿನಲ್ಲಿ ಸೇರುವುದು ಅಲ್ಲಿ. ಕುರ್ಚಿಯಲ್ಲಿ ಕೂರುವವನಿಗೆ ಕತ್ತರಿಸಿದ ಪ್ಯಾಂಟು ಅದು. ಕಾಲೆತ್ತಿ ಕೊಂಬೆಗೆ ಹಾಕುವವನಿಗಲ್ಲ.

ಕೊಟ್ಟೂರಿನ ದರ್ಜಿ ಮಿತ್ರರೊಬ್ಬರು ನಮ್ಮ ಮಾತು ಕೇಳಿ ಒಂದನ್ನು ಹೊಲಿದು ನೋಡಿದರು. ಮೊದಲನೆಯದು ಕೆಟ್ಟಿತು. ಮಂಡಿಗೆ ಹಾಕಿದ ಎರಡನೆಯ ಪದರು, ನಿಂತಾಗ ಸರಿಯಾಗಿ ಮಂಡಿಯ ಮೇಲಿದ್ದದ್ದು, ಕಾಲು ಮಡಿಸಿದೊಡನೆ ಮೇಲೆ ಸರಿದು ತೊಡೆಗೆ ಹೋಯಿತು. ಮಂಡಿ ಬರಿದಾಗಿ ಉಳಿಯಿತು. ನಾವೂ ಅಳತೆಯನ್ನು ನಿಲ್ಲಿಸಿ ತೆಗೆದಿದ್ದೆವು. ಎರಡನೆಯ ಸಲ ಮರ ಹತ್ತುವವನನ್ನು ಸ್ಟೂಲಿನ ಮೇಲೆ ಒಂದು ಕಾಲಿಡಿಸಿ ಅಳತೆ ಹಿಡಿದರು, ಪದರನ್ನು ನಾಲ್ಕು ಬೆರಳು ಕೆಳಗೆ ತಂದು ಮೊಣಕಾಲಿನ ನಡುವಿನವರೆಗೆ ಇಳಿಸಿದರು. ಕವೆಗೆ ಅವರು ಮಾಡಿದ ಉಪಾಯ ಹೊಸದೇನಲ್ಲ. ಜುಬ್ಬದ ಕಂಕುಳಲ್ಲಿ ತೋಳೆತ್ತಲು ಅನುಕೂಲವಾಗಲೆಂದು ಒಂದು ಚೌಕ ತುಂಡು ಇಡುತ್ತಾರಲ್ಲ, ಅದನ್ನೇ ಉದ್ದ ಮಾಡಿ ಕಾಲುಗಳ ನಡುವೆ ಇಟ್ಟರು. ನಾಲ್ಕು ಹೊಲಿಗೆ ಒಂದೆಡೆ ಕೂಡುವುದು ತಪ್ಪಿತು. ನಮ್ಮ ಅಜ್ಜಂದಿರ ಜುಬ್ಬದಲ್ಲಿದ್ದ ಜ್ಞಾನ ಕೊಂಬೆಯ ಮೇಲೆ ಕೆಲಸಕ್ಕೆ ಬಂತು.

ಉಳಿದದ್ದೆಲ್ಲ ಹತ್ತುವವನು ಹೇಳಿದಂತೆ. ತೊಡೆಯ ಒಳಮೈಯಲ್ಲಿ ಉಬ್ಬಿದ ಹೊಲಿಗೆ ಬೇಡ. ಕಾಂಡವನ್ನು ಅವುಚುವುದು ಅದೇ ಜಾಗದಿಂದ. ಕಾಲಿನ ತುದಿ ಹರಡಿರಬಾರದು, ಮಡಚಿದ ಪಟ್ಟಿಯೂ ಬೇಡ. ಹರಡಿದ್ದು ಚಿಗಳಿಗೆ ಸಿಕ್ಕುತ್ತದೆ. ತುದಿಯನ್ನು ಲಾಡಿಯಿಂದ ಬಿಗಿದರೆ ಕೆಂಜಿಗ ಒಳಗೆ ನುಗ್ಗುವುದೂ ತಪ್ಪುತ್ತದೆ. (ಕೆಂಜಿಗದ ಗೂಡು ಮುರಿದುಕೊಂಡವನಿಗೆ ಎರಡು ಕೈಯೂ ಸಾಲದು, ಮೇಲೆ ಇರುವುದು ಒಂದೇ ಕೈ.) ಸೊಂಟದಲ್ಲಿ ಜೇಬು, ಗುಬ್ಬಿ ಯಾವುದೂ ಬೇಡ, ಹಗ್ಗ ಕಟ್ಟಿದಾಗ ಒತ್ತಿ ಗಾಯವಾಗುತ್ತದೆ. ಡೇವಿಸನ ತಾಮ್ರದ ಬದಲು ಅಡ್ಡ ಹೊಲಿಗೆಯ ಬಂದೋಬಸ್ತು ಸಾಕು. ಜೇಬು ತೊಡೆಯ ಹೊರಮೈಗೆ, ಮುಚ್ಚಳದೊಡನೆ. ಹಿಂದೆ ಸೊಂಟ ಮೂರು ಬೆರಳು ಎತ್ತರ. ಬಟ್ಟೆ ಹತ್ತಿಯದೇ ಇರಲಿ. ಮಾರ್ಚಿ ಏಪ್ರಿಲ್ಲಿನ ನಮ್ಮ ಬಿಸಿಲಿಗೆ ನೈಲಾನು ಹಾಕಿ ಹತ್ತು ಎನ್ನುವವರು ತಾವೇ ಒಮ್ಮೆ ಹತ್ತಿ ನೋಡಲಿ.

ಹೊರದೇಶಗಳಲ್ಲಿ ಮರ ಹತ್ತುವವರಿಗೆಂದೇ ಪ್ಯಾಂಟು ಮಾಡುವ ಕಾರ್ಖಾನೆಗಳಿವೆ. ಗರಗಸದ ಯಂತ್ರ ಹಿಡಿದು ಏರುವವರ ಪ್ಯಾಂಟಿನೊಳಗೆ ಉದ್ದ ನೂಲಿನ ಪದರಗಳನ್ನು ಇಟ್ಟಿರುತ್ತಾರೆ; ಗರಗಸ ತಗುಲಿದರೆ ನೂಲು ಎಳೆದು ಬಂದು ಸರಪಳಿಯನ್ನೇ ಸಿಕ್ಕಿಸಿ ನಿಲ್ಲಿಸುತ್ತದೆ. ಸೆಕೆಂಡಿಗೆ 20 ಮೀಟರು ಓಡುವ ಸರಪಳಿಗೆ ತಡೆಯಬೇಕೆಂದು ಪರೀಕ್ಷೆಯ ಕ್ರಮವೂ ಇದೆ. ಹುಣಸೆಗೆ ಅದು ಬೇಡ, ಆ ದಪ್ಪ ನಮ್ಮ ಹವೆಗೆ ಆಗದು. ನಾವು ಅದನ್ನು ಹೇಳಿದ್ದು ಏಕೆಂದರೆ, ಆ ದೇಶಗಳಲ್ಲಿ ಮರ ಹತ್ತುವುದು ಒಂದು ಕಸುಬು ಎಂದು ಎಣಿಕೆಯಾಗಿದೆ. ಇಲ್ಲಿ ಅವನು ಬರಿಯ ಆಳು.

ಈ ಪ್ಯಾಂಟು ಬೀಳುವವನನ್ನು ಹಿಡಿಯುವುದಿಲ್ಲ. ಅದಕ್ಕೆ ಹಗ್ಗ ಬೇಕು, ಸೊಂಟಪಟ್ಟಿ ಬೇಕು, ವಿಮೆ ಬೇಕು. ಪ್ಯಾಂಟು ಕೊಟ್ಟೆವಲ್ಲ ಎಂದು ಯಾರಾದರೂ ಅವುಗಳಿಂದ ಜಾರಿಕೊಂಡರೆ ನಾವೇ ಮೊದಲು ಜಗಳಕ್ಕೆ ಬರುತ್ತೇವೆ.

ದುಡ್ಡು ಯಾರದು? ಇಲ್ಲಿ ನಮ್ಮ ಚಿಲ್ಲರೆ ವ್ಯಾಪಾರಿ ಮಿತ್ರರ ಮುಖ ಸ್ವಲ್ಪ ಗಂಟಾಗಬಹುದು. 58 ಅಂಗುಲ ಪನ್ನದ ಗಟ್ಟಿ ಬಟ್ಟೆ ಒಂದೂಮುಕ್ಕಾಲು ಮೀಟರು, ಮೇಲೆ ಹೊಲಿಗೆಯ ಕೂಲಿ, ಲೆಕ್ಕ ಇಷ್ಟೇ. ಮರ ಗುತ್ತಿಗೆ ಹಿಡಿಯುವವರು ಗೋಣಿಚೀಲಕ್ಕೆ ಕೊಡುತ್ತಾರೆ, ಗಳಕ್ಕೆ ಕೊಡುತ್ತಾರೆ, ಟೆಂಪೋಗೆ, ಕೋಲ್ಡ್ ಸ್ಟೋರೇಜಿಗೆ ಕೊಡುತ್ತಾರೆ. ಇವುಗಳಲ್ಲಿ ಯಾವುದನ್ನೂ ಮರ ಹತ್ತುವವನು ಮನೆಯಿಂದ ತರಲಿ ಎಂದು ಅವರು ಹೇಳುವುದಿಲ್ಲ. ಹರಾಜಿನಲ್ಲಿ ಎಳೆದಾಡಿ, ಕಡೆಗೆ ದೊಡ್ಡ ಮಂಡಿಯವರು ಹೇಳಿದ ದರಕ್ಕೆ ತೂಗುವ ಸಣ್ಣ ವ್ಯಾಪಾರಿಯ ಕಷ್ಟ ನಮಗೆ ಗೊತ್ತು. ಆದ್ದರಿಂದಲೇ ಈ ಖರ್ಚನ್ನು ಒಬ್ಬಿಬ್ಬರ ಧರ್ಮಬುದ್ಧಿಗೆ ಬಿಡಬಾರದು. ಧರ್ಮಾತ್ಮನೇ ನಷ್ಟಕ್ಕೆ ಬೀಳುತ್ತಾನೆ. ಸಾರ್ವಜನಿಕ ಮರಗಳನ್ನು ಹರಾಜು ಹಾಕುವ ಪಂಚಾಯಿತಿ ಮತ್ತು ಇಲಾಖೆಗಳು ಹರಾಜಿನ ಷರತ್ತಿನಲ್ಲಿಯೇ ಬರೆಯಬೇಕು: ಹತ್ತುವ ಒಬ್ಬೊಬ್ಬನಿಗೆ ಸುಗ್ಗಿಗೆ ಒಂದು ಪ್ಯಾಂಟು, ಒಂದು ಹಗ್ಗ, ಒಂದು ಸೊಂಟಪಟ್ಟಿ, ಕೊಟ್ಟುದಕ್ಕೆ ಹತ್ತುವವನ ರುಜು ಅಥವಾ ಹೆಬ್ಬೆಟ್ಟು. ಎಲ್ಲರಿಗೂ ಒಂದೇ ಷರತ್ತಾದರೆ ಕೂಗುವ ಬೆಲೆಯಲ್ಲೇ ಅದು ಕಳೆದುಹೋಗುತ್ತದೆ. ಯಾವ ವ್ಯಾಪಾರಿಯೂ ಮತ್ತೊಬ್ಬನಿಗಿಂತ ಹಿಂದೆ ಬೀಳುವುದಿಲ್ಲ.

ಈ ಬೇಡಿಕೆಯ ಅರ್ಜಿಯನ್ನು ಐದೂ ತಾಲ್ಲೂಕಿನ ಕಚೇರಿಗಳಿಗೆ ಮುಂದಿನ ಹರಾಜಿಗೆ ಮೊದಲು ಒಯ್ಯುತ್ತೇವೆ. ಹತ್ತುವವರ ಸಹಿಗಳನ್ನು ಸಂತೆಯ ದಿನ ಕೂಡಿಸುವುದಕ್ಕೆ ಗಿರಣಿಯ ಗೆಳೆಯರಿಂದ ಊರಿಗೆ ಇಬ್ಬರಾದರೂ ಬರಬೇಕು. ಹೊಲಿದ ಎರಡನೆಯ ಪ್ಯಾಂಟು ಒಂದು ಪೂರ್ತಿ ಸುಗ್ಗಿ ಮರ ಹತ್ತಿ ಬಂದಿದೆ. ಎಡಮಂಡಿಯಲ್ಲಿ ಮೇಲಿನ ಪದರು ಸವೆದಿದೆ, ಕವೆ ಗಟ್ಟಿಯಾಗಿದೆ. ಅದನ್ನೂ ಅಳತೆಯ ಕಾಗದವನ್ನೂ ನಮ್ಮ ಕಚೇರಿಯಲ್ಲಿ ಇಟ್ಟಿದ್ದೇವೆ. ಯಾವ ಊರಿನ ದರ್ಜಿಯಾದರೂ ಬಂದು ನೋಡಿ ಬರೆದುಕೊಂಡು ಹೋಗಬಹುದು. ಪೇಟೆಂಟಿಲ್ಲ.