ಬಿಳಿ ಹೋಗುವುದಕ್ಕೆ ಗರ್ಭಕೋಶ ಯಾಕೆ ಕೊಡಬೇಕು?



ಹೋದ ತಿಂಗಳು ನಾವುಂದದ ನಮ್ಮ ಕೇರಿಯ ಹೆಂಗಸೊಬ್ಬಳು ನನ್ನ ಆಫೀಸಿನ ಬಾಗಿಲಿಗೇ ಬಂದಳು. ವಯಸ್ಸು 34. "ಅಕ್ಕ, ಬಿಳಿ ಹೋಪುದ್ ನಿಲ್ತಿಲ್ಲ. ಗರ್ಭಕೋಶ ತೆಗ್ಸುಕ್ ಹೇಳಿರ್. ಎಂತ ಮಾಡೂದ್?" (ಬರೆಯಲು ಅವಳ ಒಪ್ಪಿಗೆ ಇದೆ.)

ಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಆದದ್ದು ಒಂದು ಸ್ಕ್ಯಾನಿಂಗ್, ಒಂದು ಬೈಗುಳ: "ನಿಮ್ಮ ಜನ ಕ್ಲೀನ್ ಇರೂದಿಲ್ಲ." ಈ "ನಿಮ್ಮ ಜನ" ನಮಗೇನು ಹೊಸ ಮಾತಾ? ಪಾಪ, ಅದಕ್ಕೆ ಹೆದರಿ ಇವಳು ದಿನಾ ಒಳಗೆ ಸೋಪು, ಡೆಟಾಲ್ ಹಾಕಿ ತೊಳೆದಿದ್ದಾಳೆ.

ಬೇರೆ ಡಾಕ್ಟರ ಹತ್ರ ಕರಕೊಂಡು ಹೋದೆ. ಪಿಎಚ್ ಕಾಗದ, ಸೂಕ್ಷ್ಮದರ್ಶಕ, ಅಷ್ಟೇ. ಬ್ಯಾಕ್ಟೀರಿಯಲ್ ವಜೈನೋಸಿಸ್. ಗರ್ಭಕೋಶ ಸರಿಯಾಗೇ ಇದೆ!

ನಾನು ಬಿಎ ಓದಿದ ಗುಮಾಸ್ತೆ, ಡಾಕ್ಟರಲ್ಲ. ಕೇಳಿ, ಓದಿ ತಿಳಿದದ್ದು ಇದು. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಹುಳಿ ಮಾಡಿ ಕಾವಲು ಕಾಯುತ್ತವೆ. ಒಳಗೆ ತೊಳೆದರೆ ಪೆಟ್ಟು ಈ ಕಾವಲುಗಾರರಿಗೇ. ಅವು ಕಡಿಮೆಯಾದಾಗ ಗಾರ್ಡ್ನೆರೆಲ್ಲಾದಂಥವು ಗೋಡೆಗೆ ಅಂಟಿಕೊಂಡು, ನೀರಿನ ಪೈಪಿನೊಳಗೆ ಲೋಳೆ ಕಟ್ಟುವ ಹಾಗೆ ಪದರ ಕಟ್ಟುತ್ತವೆ. ಇದೇ ಬಯೋಫಿಲ್ಮ್. 2005ರಲ್ಲೇ ಬರ್ಲಿನ್‌ನ ಸಂಶೋಧಕರು ಇದನ್ನು ತೋರಿಸಿದ್ದಾರೆ. ಮೆಟ್ರೊನಿಡಜೋಲ್ ನುಂಗಿದರೂ ಅಡಿಯಲ್ಲಿ ಅಂಟಿದವು ಉಳಿದು ಮತ್ತೆ ಹೆಚ್ಚುತ್ತವೆ. ವಾಸನೆ ಮರಳುವುದು ಅವಳ ಕೊಳಕಿನಿಂದಲ್ಲ. ಪದರ ಇರುವುದು ಯೋನಿಯಲ್ಲಿ, ಕತ್ತರಿ ಗರ್ಭಕೋಶಕ್ಕೆ. ಇದೆಂಥ ವೈದ್ಯ ಮಾರಾಯ್ರೆ?

ಎಲ್ಲ ಬಿಳಿಯೂ ಇದೇ ಅಲ್ಲ. ಫಂಗಸ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕ್ಯಾನ್ಸರ್ ತಪಾಸಣೆಯೂ ಬೇಕು. ಪರೀಕ್ಷೆ ಮಾಡಿ ಹೇಳಿ ಅಂತಲೇ ನಾವು ಕೇಳುತ್ತಿರುವುದು.

ಕಲಬುರಗಿ ಮರೆತಿರಾ? ಬಿಳಿ ಹೋಗುತ್ತದೆ, ಸೊಂಟ ನೋವು ಅಂತ ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದರು. ತನಿಖೆಯಲ್ಲಿ ಸಿಕ್ಕ ಶಸ್ತ್ರಚಿಕಿತ್ಸೆಗಳ ಲೆಕ್ಕ 2,258. ಎಷ್ಟೋ ಮಂದಿ ದಲಿತರು, ಲಂಬಾಣಿಗಳು, ನಲವತ್ತೂ ಆಗದವರು. 2017ರಲ್ಲಿ ಅವರು ಡಿಸಿ ಕಚೇರಿ ಎದುರು ಕೂತರು. 2023ರಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ನಮ್ಮ ತಾಲೂಕಿನಲ್ಲಿ ಆ ಮಾರ್ಗಸೂಚಿ ಯಾವ ಗೋಡೆಯ ಮೇಲಿದೆ? ತೋರಿಸಿ.

ಇನ್ನು ಗಂಡಸರಿಗೆ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹೆಂಡತಿಗೆ ಮಾತ್ರ ಮದ್ದು ಕೊಟ್ಟಾಗ 12 ವಾರದಲ್ಲಿ ಶೇ. 63 ಮಂದಿಗೆ ಕಾಯಿಲೆ ಮರುಕಳಿಸಿತು. ಗಂಡನಿಗೂ ಮಾತ್ರೆ, ಮುಲಾಮು ಕೊಟ್ಟಾಗ ಶೇ. 35. ಇದನ್ನು ಹೇಳಿದರೆ ನಮ್ಮ ಸಂಘಟನೆಯ ಅಣ್ಣಂದಿರೇ ತಲೆ ತಗ್ಗಿಸಿ ಮೊಬೈಲ್ ನೋಡ್ತಾರೆ. ಮನುವಾದದ ವಿರುದ್ಧ ಮೈಕ್ ಹಿಡಿಯುವವರಿಗೆ ಏಳು ದಿನ ಮುಲಾಮು ಹಚ್ಚಲು ನಾಚಿಕೆಯಾ?

ಭಾನುವಾರ ಕೇರಿಯಲ್ಲಿ ಸಭೆ ಇದೆ. ಮಾತಾಡುವುದು ಇದನ್ನೇ. ಗಂಡಸರೂ ಬನ್ನಿ.